ಒಪ್ಪಂದ ಮುರಿದವನಿಗೆ ದಂಡ, ಆದರೆ ಯಾರ ಬೆನ್ನಿಗೆ?



2022ರ ಡಿಸೆಂಬರ್ ತಿಂಗಳ ಮೊದಲ ವಾರ ನಮ್ಮಲ್ಲಿ ಹಲವರಿಗೆ ನೆನಪಿರಬೇಕು. ಬೆಳಗಾವಿ ಗಡಿಯ ಹಳೆಯ ತಕರಾರು ಮತ್ತೆ ಭುಗಿಲೆದ್ದಿತು. ಹಿರೇಬಾಗೇವಾಡಿಯ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಎರಡೂ ಕಡೆಯ ಬಸ್ಸುಗಳು ಗಡಿಯ ಈಚೆ ಒಂದಿಷ್ಟು, ಆಚೆ ಒಂದಿಷ್ಟು ನಿಂತುಬಿಟ್ಟವು. 2025ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ಇದೇ ಕಥೆ ನಡೆಯಿತು.

ಕಲ್ಲು ಎಸೆದವರ ಮನಸ್ಸಿನಲ್ಲಿದ್ದುದು ಆಚೆ ಕಡೆಯ ಸರಕಾರಕ್ಕೆ ಬುದ್ಧಿ ಕಲಿಸಬೇಕೆಂಬುದು. ಆದರೆ ಆ ದಿನಗಳಲ್ಲಿ ಮುಂಬಯಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಯಾವ ಮಂತ್ರಿಯ ಊಟವೂ ತಪ್ಪಲಿಲ್ಲ. ತಪ್ಪಿದ್ದು ನಿಪ್ಪಾಣಿ ಕಡೆಯಿಂದ ಬುತ್ತಿ ಕಟ್ಟಿಕೊಂಡು ಗೋಕುಳ ಶಿರಗಾಂವದ ಔದ್ಯೋಗಿಕ ವಸಾಹತಿಗೆ ಬರುವವನ ಪಾಳಿ. ಪಾಳಿ ತಪ್ಪಿದರೆ ಆ ದಿನದ ಪಗಾರ ಹೋಯಿತು. ಗಡಹಿಂಗ್ಲಜದ ತವರಿಗೆ ಹೋಗಬೇಕಾದ ಹೆಣ್ಣುಮಗಳು, ಬೆಳಗಾವಿಯ ದವಾಖಾನೆಗೆ ಹೊರಟ ಮುದುಕ, ಇವರೇ ಬಸ್ ನಿಲ್ದಾಣದಲ್ಲಿ ಕಾದು ಕುಳಿತವರು.

ಇದೇ ಕೆಲಸವನ್ನು ಲೋಕದ ದೊಡ್ಡ ದೊಡ್ಡ ರಾಷ್ಟ್ರಗಳು ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಡುತ್ತವೆ. ಅದಕ್ಕೆ ಆರ್ಥಿಕ ನಿರ್ಬಂಧ ಎಂದು ಹೆಸರು. ನೆರೆಹೊರೆಯ ಎರಡು ದೇಶಗಳು ಕಾದಾಡಿ, ದಣಿದು, ಕೊನೆಗೆ ಶಾಂತಿಯ ಒಪ್ಪಂದಕ್ಕೆ ರುಜು ಹಾಕುತ್ತವೆ. ಸ್ವಲ್ಪ ದಿನದಲ್ಲಿ ಒಂದು ದೇಶ ಮಾತು ತಪ್ಪುತ್ತದೆ. ಆಗ ಉಳಿದ ದೇಶಗಳು ಅದರೊಡನೆ ವ್ಯಾಪಾರ ನಿಲ್ಲಿಸುತ್ತವೆ, ಅದರ ಹಣವನ್ನು ಬ್ಯಾಂಕಿನಲ್ಲಿ ತಡೆಹಿಡಿಯುತ್ತವೆ, ಆಯುಧ ಮಾರುವುದಿಲ್ಲವೆನ್ನುತ್ತವೆ. ವಿಶ್ವಸಂಸ್ಥೆಯ ಸನ್ನದಿನ 41ನೆಯ ಕಲಮು ಭದ್ರತಾ ಮಂಡಳಿಗೆ ಈ ಅಧಿಕಾರ ಕೊಟ್ಟಿದೆ. ಸೈನ್ಯ ಕಳಿಸದೆ, ಗುಂಡು ಹಾರಿಸದೆ ತಪ್ಪಿತಸ್ಥನನ್ನು ದಾರಿಗೆ ತರುವುದು ಇದರ ಉದ್ದೇಶ.

ಇದು ಸರಿಯೋ ತಪ್ಪೋ? ಕೆಲವರು ಹೇಳುತ್ತಾರೆ: ನಿರ್ಬಂಧ ಎಂದರೆ ಬಡವರ ಹೊಟ್ಟೆಗೆ ಹೊಡೆಯುವುದು, ಅದು ಬೇಡವೇ ಬೇಡ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಕಾರ್ಮಿಕರಾದ ನಾವು ಇನ್ನರ್ಧವನ್ನೂ ಬಲ್ಲೆವು. ಮಾಲಕರೂ ಸಂಘದವರೂ ಕುಳಿತು ಪಗಾರದ ಕರಾರಿಗೆ ಸಹಿ ಮಾಡುತ್ತಾರೆ. ಆ ಕರಾರನ್ನು ಮುರಿದರೆ ಕಾನೂನಿನಲ್ಲಿ ದಂಡವಿದೆ ಎಂಬುದರಿಂದಲೇ ಅದಕ್ಕೆ ಬೆಲೆ. ಮುರಿದವನನ್ನು ಕೇಳುವವರೇ ಇಲ್ಲವೆಂದಾದರೆ ಬಲವುಳ್ಳವನು ನಡೆಸುತ್ತಾನೆ, ಬಲವಿಲ್ಲದವನು ಕಾಗದ ಹಿಡಿದು ಕುಳಿತಿರುತ್ತಾನೆ. ದೇಶಗಳ ನಡುವೆಯೂ ಹೀಗೆಯೇ. ಆದ್ದರಿಂದ ದಂಡ ಬೇಕೇ ಬೇಡವೇ ಎಂಬುದು ನಮ್ಮ ಪ್ರಶ್ನೆಯಲ್ಲ. ದಂಡ ಯಾರ ಮೇಲೆ ಬೀಳುತ್ತದೆ, ಯಾರ ಕೈಸೇರುತ್ತದೆ, ಯಾವಾಗ ಮುಗಿಯುತ್ತದೆ ಎಂಬುದು ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಾವು ನಿಂತಿರುವ ಈ ಕೊಲ್ಹಾಪುರದ ನೆಲದಲ್ಲಿಯೇ ಒಂದು ಹಳೆಯ ಪಾಠವಿದೆ.

ಶಿವಾಜಿ ಮಹಾರಾಜರ ಇಬ್ಬರು ಮೊಮ್ಮಕ್ಕಳು, ಸಾತಾರಾದ ಶಾಹೂ ಮತ್ತು ಕೊಲ್ಹಾಪುರದ ಸಂಭಾಜಿ, ದಾಯಾದಿ ಜಗಳದಲ್ಲಿ ವರ್ಷಗಟ್ಟಲೆ ಕಾದಾಡಿದರು. ಕೊನೆಗೆ 1731ರ ಏಪ್ರಿಲ್ 13ರಂದು ವಾರಣಾ ಒಪ್ಪಂದವಾಯಿತು. ವಾರಣಾ ನದಿಯ ದಕ್ಷಿಣಕ್ಕೆ ಕೊಲ್ಹಾಪುರ, ಉತ್ತರಕ್ಕೆ ಸಾತಾರಾ. ಅದರ ಮೇಲೆ ಕಾವಲಿಗೆ ಹೊರಗಿನವರು ಯಾರೂ ಇರಲಿಲ್ಲ. ಯುದ್ಧದಲ್ಲಿ ಸೋತಿದ್ದ ಕೊಲ್ಹಾಪುರಕ್ಕೂ ತನ್ನದೆಂದು ಹೇಳಿಕೊಳ್ಳಲು ಒಂದು ರಾಜ್ಯ ಉಳಿಯಿತು. ಗೆದ್ದವನು ಸೋತವನನ್ನು ಪೂರ್ತಿ ನೆಲಕ್ಕೆ ಕೆಡವಲಿಲ್ಲ. ದಾಯಾದಿಗಳಿಬ್ಬರೂ ಬೇರೆ ಬೇರೆ ಮನೆಯಾಗಿ ಬಾಳಿದರು.

ಮುಂದೆ ಕೊಲ್ಹಾಪುರಕ್ಕೆ ಬೇರೆ ನೆರೆಯವರೊಡನೆ ತಂಟೆ ಹತ್ತಿತು. ಪಟವರ್ಧನರೊಡನೆ, ಸಾವಂತವಾಡಿಯೊಡನೆ, ನಿಪ್ಪಾಣಿಯ ಸರದಾರನೊಡನೆ ಕಾದಾಟ. ಬೆಳೆ ಸುಟ್ಟವು, ಊರು ಹಾಳಾದವು. 1812ರಲ್ಲಿ ಇಂಗ್ಲಿಷರ ಕುಂಪಣಿ ಸರಕಾರ ನಡುವೆ ಬಂದು ಒಂದು ಕರಾರು ಮಾಡಿಸಿತು. ಕೊಲ್ಹಾಪುರದ ರಾಜ ನೆರೆಯ ಸಂಸ್ಥಾನಗಳ ಮೇಲೆ ಏರಿಹೋಗಬಾರದು. ತಕರಾರು ಬಂದರೆ ಕುಂಪಣಿಯ ಪಂಚಾಯತಿಗೆ ಒಪ್ಪಿಸಬೇಕು. ಬದಲಿಗೆ ಹೊರಗಿನ ಶತ್ರುಗಳಿಂದ ಕುಂಪಣಿ ಅವನನ್ನು ಕಾಯುತ್ತದೆ. ಕೆಲವು ಕೋಟೆಗಳು ಕುಂಪಣಿಯ ಕೈಸೇರಿದವು. 1817ರ ಪೇಶ್ವೆ ಯುದ್ಧದಲ್ಲಿ ಕೊಲ್ಹಾಪುರ ಇಂಗ್ಲಿಷರ ಪಕ್ಷ ಹಿಡಿದುದಕ್ಕೆ ಇನಾಮಾಗಿ, ಹಿಂದೆ ನಿಪ್ಪಾಣಿಯವರು ಕಿತ್ತುಕೊಂಡಿದ್ದ ಚಿಕ್ಕೋಡಿ ಮತ್ತು ಮುನವಳ್ಳಿ ಸೀಮೆಗಳು ಮರಳಿ ದೊರೆತವು.

1822ರ ಸುಮಾರಿಗೆ ಪಟ್ಟಕ್ಕೆ ಬಂದ ಶಹಾಜಿ ಉರ್ಫ್ ಬಾವಾಸಾಹೇಬ ಈ ಕರಾರನ್ನು ಲೆಕ್ಕಿಸಲಿಲ್ಲ. ನೆರೆಯವರ ಮೇಲೆ ಮತ್ತೆ ಮತ್ತೆ ಏರಿಹೋದ. 1829ರೊಳಗೆ ಕುಂಪಣಿ ಮೂರು ಸಲ ಅವನ ಮೇಲೆ ಸೈನ್ಯ ನಡೆಸಬೇಕಾಯಿತು. ಕೊನೆಯಲ್ಲಿ ಶಿಕ್ಷೆಯಾಗಿ ಚಿಕ್ಕೋಡಿ, ಮುನವಳ್ಳಿ ಸೀಮೆಗಳನ್ನು ಕುಂಪಣಿ ತಾನೇ ತೆಗೆದುಕೊಂಡಿತು.

ಇಲ್ಲಿ ಸ್ವಲ್ಪ ನಿಂತು ನೋಡೋಣ. ತಪ್ಪು ಮಾಡಿದವನು ರಾಜ, ಸಂಶಯವಿಲ್ಲ. ಅವನನ್ನು ತಡೆಯಬೇಕಾಗಿದ್ದುದೂ ನಿಜ. ಸುಲಿಗೆಗೊಳಗಾದ ಹಳ್ಳಿಯವರು ಬೇರೆ ಯಾರನ್ನು ಕೇಳಬೇಕಿತ್ತು? ಆದರೆ ದಂಡ ಯಾರ ಕೈಸೇರಿತು? ಹಾನಿಗೊಂಡ ನೆರೆಯವರಿಗಲ್ಲ, ಬೆಳೆ ಕಳೆದುಕೊಂಡ ರೈತನಿಗಲ್ಲ. ದಂಡ ಹಾಕಿದವನಿಗೇ ಸೇರಿತು. ಊರ ಜಗಳದಲ್ಲಿ ನ್ಯಾಯ ಹೇಳಲು ಬಂದ ಹಿರಿಯನೇ ಹೊಲವನ್ನು ತನ್ನ ಹೆಸರಿಗೆ ಬರೆಸಿಕೊಂಡ ಹಾಗೆ ಇದು. ಅಂಥ ನ್ಯಾಯದಿಂದ ಶಿಕ್ಷೆಯಾಗುತ್ತದೆ, ವಿಶ್ವಾಸ ಹುಟ್ಟುವುದಿಲ್ಲ.

ಮುಂದಿನದು ಇನ್ನೂ ಹೆಚ್ಚಿನದು. ರಾಜ 1838ರಲ್ಲಿ ತೀರಿಕೊಂಡ. ಕುಂಪಣಿಯ ಹಿಡಿತ ಮಾತ್ರ ಸಡಿಲಲಿಲ್ಲ. ಮುಂದಿನ ರಾಜ ಸಣ್ಣವನಾಗಿದ್ದ, ಆಡಳಿತ ನೋಡುತ್ತಿದ್ದ ಹಿರಿಯರು ತಮ್ಮತಮ್ಮಲ್ಲಿ ಕಚ್ಚಾಡಿದರು. ಆಗ ಕುಂಪಣಿ ತನ್ನವನಾದ ದಾಜಿ ಕೃಷ್ಣ ಪಂಡಿತನನ್ನು ಕಾರಭಾರಿಯಾಗಿ ಕೂಡಿಸಿತು. ಅವನ ಹೊಸ ವ್ಯವಸ್ಥೆಗಳು ಕೋಟೆ ಕಾಯುವ ಗಡಕರಿ ಮನೆತನಗಳ ಅನ್ನಕ್ಕೆ ಕೈ ಹಾಕಿದವು. 1844ರಲ್ಲಿ ಗಡಹಿಂಗ್ಲಜದ ಬಳಿಯ ಸಾಮಾನಗಡದಲ್ಲಿ ಗಡಕರಿಗಳು ಬಾಗಿಲು ಹಾಕಿಕೊಂಡು ದಂಗೆ ಎದ್ದರು. ಬೆಂಕಿ ಸಾವಂತವಾಡಿಯವರೆಗೂ ಹರಡಿತು. ದಂಗೆಯನ್ನು ಅಡಗಿಸಿ ಕೋಟೆಗಳನ್ನು ಒಡೆದರು, ತಲೆಮಾರಿನಿಂದ ಬಂದ ಕಾವಲು ಕೆಲಸವನ್ನೇ ರದ್ದುಮಾಡಿದರು. ಕರಾರು ಮುರಿದ ರಾಜ ಸತ್ತು ಆರು ವರ್ಷವಾಗಿತ್ತು. ಅನ್ನ ಕಳೆದುಕೊಂಡವರು ಬಾಗಿಲು ಕಾಯುತ್ತಿದ್ದ ಬಡವರು.

ಆ ದಂಡದ ಗುರುತು ಇಂದಿಗೂ ನಮ್ಮ ಮನೆಗಳಲ್ಲಿದೆ. ಕುಂಪಣಿಗೆ ಹೋದ ಚಿಕ್ಕೋಡಿ ಮುಂದೆ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿ ಸೇರಿತು; 1956ರ ನವೆಂಬರ್ 1ರಂದು ಆ ಜಿಲ್ಲೆಯ ಬಹುಭಾಗದೊಡನೆ ಮೈಸೂರು ರಾಜ್ಯಕ್ಕೆ ಬಂದಿತು. ಕೊಲ್ಹಾಪುರ ಸಂಸ್ಥಾನದೊಳಗೆ ಉಳಿದ ಗಡಹಿಂಗ್ಲಜ, ಕಾಗಲ ಕಡೆಯ ಊರುಗಳು 1949ರ ಮಾರ್ಚ್ 1ರಂದು ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. ಗಡಿ ಹೀಗೆ ಬೀಳಲು ಅದೊಂದೇ ಕಾರಣವಲ್ಲ. ಆದರೂ ಅಣ್ಣನ ಮನೆ ಚಿಕ್ಕೋಡಿ ಸೀಮೆಯಲ್ಲಿ, ತಂಗಿಯ ಮನೆ ಗಡಹಿಂಗ್ಲಜದಲ್ಲಿ, ನಡುವೆ ಎರಡು ಸರಕಾರ ಎಂಬ ಈ ಪರಿಸ್ಥಿತಿಯ ಒಂದು ಬೇರು 1829ರ ಆ ಶಿಕ್ಷೆಯಲ್ಲಿದೆ. ಒಂದು ದಂಡವನ್ನು ಹಾಕಿದವರೂ ತಿಂದವರೂ ಹೋದ ಮೇಲೆ ಅದನ್ನು ಮೊಮ್ಮಕ್ಕಳು ಹೊರುತ್ತಾರೆ.

ಈಗ ನಮ್ಮ ಕಾಲಕ್ಕೆ ಬರೋಣ. 1990ರ ಆಗಸ್ಟ್ 2ರಂದು ಇರಾಕ್ ತನ್ನ ನೆರೆಯ ಕುವೈತನ್ನು ನುಂಗಿತು. ಅಲ್ಲಿ ದುಡಿಯುತ್ತಿದ್ದ ನಮ್ಮ ದೇಶದ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ವಿಮಾನದಲ್ಲಿ ಕರೆತರಬೇಕಾಯಿತು. ಮಂಗಳೂರು ಕಡೆಯ ಎಷ್ಟೋ ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಊರಿಗೆ ಮರಳಿದವು. ನಾಲ್ಕೇ ದಿನದಲ್ಲಿ ಭದ್ರತಾ ಮಂಡಳಿ ಇರಾಕಿನ ಮೇಲೆ ಪೂರ್ತಿ ವ್ಯಾಪಾರ ನಿರ್ಬಂಧ ಹಾಕಿತು. ಯುದ್ಧ ಮುಗಿದ ಮೇಲೆ 1991ರ ಏಪ್ರಿಲ್ 3ರಂದು ಕದನವಿರಾಮದ ಷರತ್ತುಗಳನ್ನು ಗೊತ್ತುಮಾಡಿದರು: ಕುವೈತಿನ ಗಡಿಯನ್ನು ಒಪ್ಪಬೇಕು, ಮಹಾಮಾರಕ ಆಯುಧಗಳನ್ನು ನಾಶಮಾಡಬೇಕು, ಹಾನಿಗೆ ಪರಿಹಾರ ಕೊಡಬೇಕು. ಅಲ್ಲಿಯವರೆಗೆ ನಿರ್ಬಂಧ.

ನಿರ್ಬಂಧದಿಂದ ಏನೂ ಆಗಲಿಲ್ಲವೆಂದು ಹೇಳಲಾರೆವು. 1994ರ ನವೆಂಬರಿನಲ್ಲಿ ಇರಾಕ್ ಕುವೈತಿನ ಗಡಿಯನ್ನು ಒಪ್ಪಿಕೊಂಡಿತು. ಪರಿಹಾರದ ಹಣ ಎಣ್ಣೆಯ ಆದಾಯದಿಂದ ಸಂದಾಯವಾಗುತ್ತಾ ಹೋಗಿ 2022ರಲ್ಲಿ ಕೊನೆಯ ಕಂತು ತೀರಿತು. ಒಟ್ಟು 5,240 ಕೋಟಿ ಡಾಲರು. ಇಲ್ಲಿ ದಂಡ ಹಾನಿಗೊಂಡವರ ಕೈಗೆ ಹೋಯಿತೆಂಬುದು ಮೆಚ್ಚಬೇಕಾದ ಮಾತು. ಆದರೆ ಬೆಲೆ ತೆತ್ತವರು ಯಾರು? ಸದ್ದಾಂ ಹುಸೇನರ ಅರಮನೆಗಳ ಕೆಲಸ ನಿಲ್ಲಲಿಲ್ಲ. ಸಾಮಾನ್ಯ ಇರಾಕಿಯ ಸಂಬಳ ಸಂತೆಯ ಒಂದು ಚೀಲಕ್ಕೂ ಸಾಲದಾಯಿತು, ರೇಷನ್ ಧಾನ್ಯದ ಮೇಲೆ ಮನೆ ನಡೆಯಿತು, ದವಾಖಾನೆಗಳಲ್ಲಿ ಔಷಧಿ ಮುಗಿಯಿತು. 1996ರ ಕೊನೆಗೆ ಎಣ್ಣೆ ಮಾರಿ ಅನ್ನ ಔಷಧಿ ಕೊಳ್ಳುವ ಯೋಜನೆ ಆರಂಭವಾಯಿತು. ಅದನ್ನು ನಡೆಸಲು ವಿಶ್ವಸಂಸ್ಥೆಯೇ ನೇಮಿಸಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ, ಅವರ ನಂತರ ಬಂದ ಹಾನ್ಸ್ ಫಾನ್ ಸ್ಪೋನೆಕ್ 2000ದಲ್ಲಿ, ಜನರಿಗಾಗುತ್ತಿರುವ ಈ ಸಂಕಟಕ್ಕೆ ನಾವು ಕೈಯಾಗಲಾರೆವೆಂದು ಹುದ್ದೆ ಬಿಟ್ಟರು. ನಿರ್ಬಂಧ 2003ರವರೆಗೆ ನಡೆಯಿತು. ಯಾವುದನ್ನು ಮಾಡಿದರೆ ಎಷ್ಟು ಸಡಿಲಾಗುತ್ತದೆ ಎಂಬುದು ಸ್ಪಷ್ಟವಿಲ್ಲದ ಕಾರಣ ಒಂದು ಷರತ್ತು ತೀರಿದರೂ ಬಾಗಿಲು ತೆರೆಯಲಿಲ್ಲ.

ಹಾಗಾದರೆ ದಂಡವೇ ಇಲ್ಲದಿದ್ದರೆ? ಅದರ ಉದಾಹರಣೆ ಆಫ್ರಿಕದಲ್ಲಿದೆ. ಇಥಿಯೋಪಿಯ ಮತ್ತು ಎರಿಟ್ರಿಯ ದೇಶಗಳು 1998ರಿಂದ 2000ದವರೆಗೆ ಬಾದ್ಮೆ ಎಂಬ ಒಂದು ಬರಡು ಊರಿನ ಸುತ್ತ ಕಾದಾಡಿದವು. ಹತ್ತಾರು ಸಾವಿರ ಸೈನಿಕರು ಸತ್ತರು. 2000ದ ಡಿಸೆಂಬರ್ 12ರಂದು ಆಲ್ಜಿಯರ್ಸ್ ಪಟ್ಟಣದಲ್ಲಿ ಒಪ್ಪಂದವಾಯಿತು. ಗಡಿ ಆಯೋಗ ಹೇಳುವುದೇ ಅಂತಿಮ, ಇಬ್ಬರೂ ಒಪ್ಪಬೇಕು ಎಂದು ಬರೆದುಕೊಟ್ಟರು. ಆ ಜೂನ್ ತಿಂಗಳ ಕದನವಿರಾಮದ ಪತ್ರದಲ್ಲಿ ಇನ್ನೊಂದು ಮಾತೂ ಇತ್ತು: ಆಫ್ರಿಕದ ರಾಷ್ಟ್ರಗಳ ಸಂಘಟನೆಯೂ ವಿಶ್ವಸಂಸ್ಥೆಯೂ ಇದಕ್ಕೆ ಜಾಮೀನು, ಮುರಿದವರ ಮೇಲೆ ಸನ್ನದಿನಂತೆ ಕ್ರಮ.

2002ರ ಏಪ್ರಿಲ್ 13ರಂದು ಆಯೋಗ ತೀರ್ಪು ಕೊಟ್ಟಿತು. ಬಾದ್ಮೆ ಎರಿಟ್ರಿಯಕ್ಕೆ ಸೇರಿತು. ಇಥಿಯೋಪಿಯ ಆ ನೆಲ ಬಿಟ್ಟುಕೊಡಲಿಲ್ಲ. ಜಾಮೀನು ನಿಂತವರು ಏನು ಮಾಡಿದರು? ಪತಸಂಸ್ಥೆಯ ಸಾಲಕ್ಕೆ ಜಾಮೀನು ಹಾಕಿದವನು ಕಂತು ತಪ್ಪಿದಾಗ ಮುಖ ತಿರುಗಿಸಿದ ಹಾಗೆ ಮಾಡಿದರು. 2005ರ ನವೆಂಬರಿನಲ್ಲಿ ಭದ್ರತಾ ಮಂಡಳಿ ನಿರ್ಬಂಧದ ಬೆದರಿಕೆ ಹಾಕಿತು, ಹಾಕಿ ಸುಮ್ಮನಾಯಿತು. ಇಥಿಯೋಪಿಯ ದೊಡ್ಡ ದೇಶ, ದೊಡ್ಡವರಿಗೆ ಬೇಕಾದ ದೇಶ. ಇತ್ತ ಎರಿಟ್ರಿಯದ ಸರಕಾರ ಗಡಿಯ ನೆಪ ಹೇಳಿ ತನ್ನ ಮಕ್ಕಳನ್ನೇ ಹಿಂಡಿತು. ಹದಿನೆಂಟು ತಿಂಗಳೆಂದು ಹೇಳಿದ ಕಡ್ಡಾಯ ಸೇವೆ ಕೊನೆಯಿಲ್ಲದ್ದಾಯಿತು; ಸಾವಿರಾರು ತರುಣರು ಮರುಭೂಮಿ, ಸಮುದ್ರ ದಾಟಿ ಓಡಿದರು. 2009ರಲ್ಲಿ ಸೊಮಾಲಿಯದ ಬಂಡುಕೋರರಿಗೆ ನೆರವು ಮತ್ತು ಜಿಬೂತಿಯೊಡನೆ ತಕರಾರು ಎಂಬ ಕಾರಣದ ಮೇಲೆ ಎರಿಟ್ರಿಯಕ್ಕೆ ನಿರ್ಬಂಧ ಬಿದ್ದಿತು. ಅದಕ್ಕೆ ಕಾರಣವಿರಬಹುದು. ಆದರೆ ತೀರ್ಪು ಮೀರಿದ ಒಬ್ಬನಿಗೆ ಏನೂ ಇಲ್ಲ, ಇನ್ನೊಬ್ಬನಿಗೆ ಮಾತ್ರ ದಂಡ ಎಂದಾಗ ಯಾರು ಅದನ್ನು ನ್ಯಾಯವೆಂದು ನಂಬುತ್ತಾರೆ?

ಹದಿನಾರು ವರ್ಷ ಯುದ್ಧವೂ ಇಲ್ಲ, ಶಾಂತಿಯೂ ಇಲ್ಲ. 2018ರಲ್ಲಿ ಇಥಿಯೋಪಿಯದ ಹೊಸ ಪ್ರಧಾನಿ ತೀರ್ಪನ್ನು ಒಪ್ಪುವೆನೆಂದು ಸಾರಿ, ಜುಲೈ 9ರಂದು ಅಸ್ಮಾರದಲ್ಲಿ ಕೈಕುಲುಕಿದರು. ನವೆಂಬರ್ 14ರಂದು ಎರಿಟ್ರಿಯದ ಮೇಲಿನ ನಿರ್ಬಂಧ ತೆಗೆದರು. ಸೆಪ್ಟೆಂಬರಿನಲ್ಲಿ ಗಡಿ ದಾರಿ ತೆರೆದಾಗ ಬೇರ್ಪಟ್ಟಿದ್ದ ಕುಟುಂಬಗಳು ಅಪ್ಪಿಕೊಂಡು ಅತ್ತವು. ಕೆಲವೇ ತಿಂಗಳಲ್ಲಿ ಆ ದಾರಿ ಮತ್ತೆ ಮುಚ್ಚಿತು. ಮುಖಂಡರು ಕೈಕುಲುಕಿದ ಮೇಲೆಯೂ ಒಪ್ಪಂದವನ್ನು ಕಾಯುವವರು ಬೇಕೆಂಬುದಕ್ಕೆ ಇದೇ ಸಾಕ್ಷಿ.

ಈಗ ಕಾಂಗೋ ಮತ್ತು ರುವಾಂಡ ದೇಶಗಳ ಸರದಿ. 2025ರ ಜನವರಿಯಲ್ಲಿ ಎಂ-23 ಎಂಬ ಬಂಡುಕೋರರು ಕಾಂಗೋದ ಗೋಮಾ ನಗರವನ್ನೂ ಮುಂದಿನ ತಿಂಗಳು ಬುಕಾವುವನ್ನೂ ಹಿಡಿದರು. ಅವರ ಹಿಂದೆ ರುವಾಂಡದ ಸೈನ್ಯವಿದೆ ಎಂದು ವಿಶ್ವಸಂಸ್ಥೆಯ ತಜ್ಞರು ವರದಿ ಮಾಡಿದ್ದಾರೆ, ರುವಾಂಡ ಅಲ್ಲಗಳೆಯುತ್ತದೆ. ನಮ್ಮ ಕೈಯ ಮೊಬೈಲಿಗೆ ಬೇಕಾಗುವ ಕೋಲ್ಟನ್ ಅದಿರು ಆ ಮಣ್ಣಿನಲ್ಲಿದೆ. ಫೆಬ್ರುವರಿಯಲ್ಲಿ ಅಮೆರಿಕ ರುವಾಂಡದ ಒಬ್ಬ ಮಂತ್ರಿಯ ಮೇಲೆ, ಮಾರ್ಚಿನಲ್ಲಿ ಯುರೋಪಿನ ಒಕ್ಕೂಟ ಕೆಲವು ದಳಪತಿಗಳ ಮತ್ತು ರುವಾಂಡದ ಒಂದು ಚಿನ್ನ ಶುದ್ಧೀಕರಣ ಕಾರಖಾನೆಯ ಮೇಲೆ ನಿರ್ಬಂಧ ಹಾಕಿದವು. ಜೂನ್ 27ರಂದು ವಾಷಿಂಗ್ಟನ್ನಿನಲ್ಲಿ ಶಾಂತಿ ಒಪ್ಪಂದವಾಯಿತು. ಡಿಸೆಂಬರ್ 4ರಂದು ಇಬ್ಬರು ಅಧ್ಯಕ್ಷರೂ ಅಲ್ಲಿ ಸೇರಿದರು. ಅದಾಗಿ ಕೆಲವೇ ದಿನದಲ್ಲಿ ಬಂಡುಕೋರರು ಉವೀರಾ ಪಟ್ಟಣಕ್ಕೆ ನುಗ್ಗಿದರು.

ಇಲ್ಲಿ ಎರಡು ಸಂಗತಿ ಗಮನಿಸಿರಿ. ಮೊದಲನೆಯದು, ಈ ನಿರ್ಬಂಧಗಳು ಹಳ್ಳಿಯ ಅಂಗಡಿಯ ಮೇಲಲ್ಲ, ಆಜ್ಞೆ ಕೊಡುವವರ ಹೆಸರಿನ ಮೇಲೆ, ಲಾಭ ತರುವ ಚಿನ್ನದ ಮೇಲೆ ಬಿದ್ದವು. ಇರಾಕಿನ ಪಾಠದಿಂದ ಲೋಕ ಇಷ್ಟಾದರೂ ಕಲಿತಿದೆ. ಎರಡನೆಯದು, ನಡುವೆ ನಿಂತು ಸಹಿ ಮಾಡಿಸುವ ಅಮೆರಿಕಕ್ಕೆ ಆ ನಾಡಿನ ಖನಿಜದ ಮೇಲೂ ಕಣ್ಣಿದೆ. ಚಿಕ್ಕೋಡಿಯ ಕಥೆ ಗೊತ್ತಿರುವ ನಾವು ಇದನ್ನು ನೋಡಿ ಎಚ್ಚರಗೊಳ್ಳದೆ ಇರಲಾರೆವು. ಕಾಂಗೋದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಸಭೆಯೂ ಪ್ರೊಟೆಸ್ಟಂಟ್ ಸಭೆಗಳ ಒಕ್ಕೂಟವೂ 2025ರ ಫೆಬ್ರುವರಿಯಲ್ಲಿ ಜೊತೆಗೂಡಿ ಗೋಮಾಕ್ಕೆ ಹೋಗಿ ಬಂಡುಕೋರರೊಡನೆ, ಕಿಗಾಲಿಗೆ ಹೋಗಿ ರುವಾಂಡದ ಅಧ್ಯಕ್ಷರೊಡನೆ ಮಾತಾಡಿದವು. ಅವರಿಗೆ ಅಲ್ಲಿ ಗಣಿ ಬೇಕಾಗಿರಲಿಲ್ಲ. ದಂಡದ ಜೊತೆಗೆ ಇಂಥ ಮಾತುಕತೆಯೂ ನಡೆಯುತ್ತಿರಬೇಕು. ಇಲ್ಲವಾದರೆ ಸೋತವನಿಗೆ ಮರಳಿ ಬರುವ ದಾರಿಯೇ ಕಾಣುವುದಿಲ್ಲ.

ಇಷ್ಟನ್ನೂ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇದು. ನೆರೆಯವರ ನಡುವಣ ಒಪ್ಪಂದಕ್ಕೆ ಬೆನ್ನೆಲುಬಾಗಿ ದಂಡ ಇರಲೇಬೇಕು; ಇಲ್ಲದಿದ್ದರೆ ಬಾದ್ಮೆಯ ಗತಿ. ಆದರೆ ಆ ದಂಡಕ್ಕೆ ಐದು ಕಟ್ಟಳೆ ಬೇಕು. ಮಾತು ಮುರಿದ ಕೈಯ ಮೇಲೆಯೇ ಅದು ಬೀಳಬೇಕು. ಅನ್ನ, ಔಷಧಿ, ಕೂಲಿಯನ್ನು ಮುಟ್ಟಬಾರದು. ಹಾಕಿದವನು ಅದರಿಂದ ಒಂದು ಪೈ ಲಾಭವನ್ನೂ ಪಡೆಯಬಾರದು. ದೊಡ್ಡವನಿಗೂ ಸಣ್ಣವನಿಗೂ ಒಂದೇ ಅಳತೆ ಇರಬೇಕು. ಏನು ಮಾಡಿದರೆ ದಂಡ ತೆಗೆಯುತ್ತೇವೆಂಬುದನ್ನು ಮೊದಲೇ ಹೇಳಿ, ಮಾಡಿದ ದಿನವೇ ತೆಗೆಯಬೇಕು.

ನ್ಯೂಯಾರ್ಕಿನ ಸಭೆಯಲ್ಲಿ ನಮ್ಮ ಮಾತು ಕೇಳುವವರಿಲ್ಲ, ನಿಜ. ಆದರೆ ಈ ಅಳತೆಗೋಲು ಇಲ್ಲಿಯೂ ಬರುತ್ತದೆ. ಬೆಳಗಾವಿ ಗಡಿಯ ಬಗ್ಗೆ 2004ರಲ್ಲಿ ಮಹಾರಾಷ್ಟ್ರ ಹೂಡಿದ ದಾವೆ ಸರ್ವೋಚ್ಚ ನ್ಯಾಯಾಲಯದ ಮುಂದಿದೆ. ತೀರ್ಪು ಏನೇ ಬರಲಿ, ಆಚೆಯವರ ಬಸ್ಸು ತಡೆಯಿರಿ, ಹಾಲು ತಡೆಯಿರಿ, ತರಕಾರಿ ತಡೆಯಿರಿ ಎಂಬ ಕೂಗು ಮತ್ತೆ ಏಳಬಹುದು. ಹಳ್ಳಿಗಳಲ್ಲಿ ಬಲವುಳ್ಳವರು ಬಡವರ ಮೇಲೆ ಹಾಕುತ್ತಿದ್ದ ಬಹಿಷ್ಕಾರವನ್ನು ಮಹಾರಾಷ್ಟ್ರ ಸರಕಾರ 2016ರ ಕಾಯಿದೆಯಿಂದ ಅಪರಾಧವೆಂದು ಸಾರಿದೆ. ಒಂದು ಮನೆಗೆ ಮಾಡಬಾರದೆಂದು ಕಾನೂನು ಹೇಳುವ ಕೆಲಸವನ್ನು ಒಂದು ಇಡೀ ಭಾಷೆಯ ಜನಕ್ಕೆ ಮಾಡಬಹುದೇ?

ಆದ್ದರಿಂದ ಅಂಥ ಕೂಗು ಕಾರಖಾನೆಯ ಗೇಟಿನಲ್ಲಿ ಕೇಳಿಬಂದಾಗ, ಚಪ್ಪಾಳೆ ತಟ್ಟುವ ಮೊದಲು ಪಕ್ಕದಲ್ಲಿ ನಿಂತವನನ್ನು ನೋಡಿರಿ. ಅವನು ಮರಾಠಿಯವನಿರಬಹುದು, ಕನ್ನಡದವನಿರಬಹುದು. ಅಚ್ಚಿಗೆ ಕಾದ ಕಬ್ಬಿಣ ಹೊಯ್ಯುವಾಗ ಇಬ್ಬರೂ ಒಂದೇ ಲೇಡಲ್ ಹಿಡಿದವರು. ನಾಳೆ ಬಸ್ಸು ನಿಂತರೆ ಇವನ ಮನೆಯಲ್ಲಿ ಒಲೆ ಉರಿಯುತ್ತದೆಯೇ ಎಂದು ನಾಯಕರನ್ನು ಕೇಳಿರಿ. ಪಾಳಿಗೆ ಬರಲಾಗದೆ ಗಡಿಯಲ್ಲಿ ಸಿಕ್ಕಿಕೊಂಡವನಿಗೆ ಆ ರಾತ್ರಿ ನಿಮ್ಮ ಮನೆಯಲ್ಲಿ ಒಂದು ಚಾಪೆ, ಎರಡು ರೊಟ್ಟಿ ಇರಲಿ. ಹಾಜರಿ ಹಾಕುವವರ ಬಳಿ ಅವನ ಪರವಾಗಿ ಒಂದು ಮಾತು ಹೇಳಿರಿ.